ಹನ್ನೊಂದಡಿ ಆರಿಂಚು

ಫೆಬ್ರವರಿಯ ಮಂಗಳವಾರ, ಸಂಜೆ ಆರೂವರೆ.
ಡರ್ಬಿಯ ಪೌರಭವನ, ಮೂರನೆಯ ಕೋಣೆ.
ರೇಡಿಯೇಟರ್ ಕೆಮ್ಮುತ್ತದೆ, ಬಿಸಿಯಾಗುವುದಿಲ್ಲ.
ಕೋಟು ಬಿಚ್ಚದೆ ಕೂತ ಹನ್ನೊಂದು ಮಂದಿ
ಇನ್ನೂ ಹುಟ್ಟದ ಜುಲೈ ಬಿಸಿಲನ್ನು
ಬಾಬತ್ತು ಬಾಬತ್ತಾಗಿ ಹಂಚಿಕೊಳ್ಳುತ್ತಿದ್ದಾರೆ.

ನಾನು ಹನ್ನೆರಡನೆಯವಳು.
ನಡಾವಳಿ ಬರೆಯುವುದಕ್ಕೆ ಸಂಬಳ,
ಮಾತಾಡುವುದಕ್ಕಲ್ಲ.

ಬಾಬತ್ತು ಒಂದು: ಜಾರ್ಜಿಯಾದ ಕತ್ತಿವರಸೆಯವರು.
ಕತ್ತಿ ಮೊಂಡೋ ಹರಿತವೋ, ಪೊಲೀಸರು ಕೇಳಿದ್ದಾರೆ.
ಮೊಂಡಂತೆ. ಆದರೂ ಕಿಡಿ ಹಾರುತ್ತದಂತೆ.
ಕಿಡಿಗೆ ಬೇರೆ ಅರ್ಜಿ, ಅಗ್ನಿಶಾಮಕದವರಿಗೆ,
ಮೂರು ಪ್ರತಿ.

ಬಾಬತ್ತು ಎರಡು: ಶೌಚಾಲಯ.
ಕೇಳಿದ್ದು ನಲವತ್ತು, ಸಿಕ್ಕಿದ್ದು ಹದಿನೆಂಟು.
ಮುಕ್ಕಾಲು ಗಂಟೆ ಇದೇ ಚರ್ಚೆ.
ಲೋಕದ ಯಾವ ಜನಪದವೂ
ಇದನ್ನು ಹಾಡಿಟ್ಟು ಹೋಗಿಲ್ಲ.

ಬಾಬತ್ತು ಮೂರು: ಬಲ್ಗೇರಿಯಾದ ಇಪ್ಪತ್ತನಾಲ್ಕು ಜನ
ಶಾಲೆಯ ವ್ಯಾಯಾಮಶಾಲೆಯಲ್ಲಿ ಚಾಪೆ ಹಾಸಿ ಮಲಗಬಹುದು.
ಹಾಡುವ ಅಜ್ಜಿಗೆ ಮಾತ್ರ ಎಪ್ಪತ್ತೆಂಟು, ಮಂಡಿನೋವು,
ಮಂಚ ಬೇಕು.
'ನನ್ನ ಮನೆಯಲ್ಲೊಂದು ಕೋಣೆಯಿದೆ' ಎಂದರು ಆರ್ನಾಲ್ಡ್ ಪೀಕ್.
ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವರು,
ಈಗ ಮೊಣಕಾಲಿಗೆ ಗೆಜ್ಜೆ ಕಟ್ಟಿ
ಕರವಸ್ತ್ರ ಬೀಸಿ ಕುಣಿಯುವ ತಂಡದ ಹಿರಿಯ.
ಎಲ್ಲರೂ ಮುಂದಿನ ಪುಟ ತಿರುವಿದ ಮೇಲೆ
ತಮಗೇ ಹೇಳಿಕೊಂಡರು:
'ಕಿಟಕಿಗೆ ಪರದೆ ಹಾಕಿಸಬೇಕು.
ಅವಳು ಹೋದಮೇಲೆ ತೆಗೆದದ್ದು.'
ಬರೆಯಲೋ ಬೇಡವೋ ಎಂದು
ಪೆನ್ನು ಸ್ವಲ್ಪ ಹೊತ್ತು ನಿಂತಿತು.

ಬಾಬತ್ತು ನಾಲ್ಕು: ಮೆರವಣಿಗೆಯ ದಾರಿ.
ಮಾರುಕಟ್ಟೆ ಬೀದಿಯನ್ನು ಗ್ಯಾಸಿನವರು ಅಗೆದಿದ್ದಾರೆ.
ಇರುವುದೊಂದೇ ದಾರಿ, ಮಿಲ್ ಸ್ಟ್ರೀಟು,
ರೈಲು ಸೇತುವೆಯ ಕೆಳಗೆ.
ಸೇತುವೆಯ ಎತ್ತರ ಹನ್ನೊಂದಡಿ ಆರಿಂಚು.
ಕಾರ್ಲ್‌ಟನ್ ಲಿಬರ್ಡರ ಬಕಪಕ್ಷಿಯ ಎತ್ತರ
ಹದಿಮೂರಡಿ ಒಂಬತ್ತು.

ಡರ್ವೆಂಟ್ ಹೊಳೆಯ ಬೂದು ಬಕ ಅದು.
ಬೆತ್ತ, ತಂತಿ, ಹಳೆಯ ಕೊಡೆಯ ಕಡ್ಡಿ,
ಎರಡು ಸಾವಿರ ಗರಿ, ಒಂದೊಂದೂ ಕೈಯಲ್ಲಿ ಹೊಲಿದದ್ದು.
ಹೊತ್ತು ಕುಣಿಯುವವಳು ಮೊಮ್ಮಗಳು ಜನೆಲ್.
ನೆವಿಸ್ ದ್ವೀಪದಿಂದ ಹಡಗಿನಲ್ಲಿ ಬಂದ ಅವ್ವ
ಸೂಜಿ ಹಿಡಿಯಲು ಕಲಿಸಿದ್ದು, ಅಳತೆ ತಗ್ಗಿಸಲು ಅಲ್ಲ.

'ಕತ್ತು ಎರಡಡಿ ಕತ್ತರಿಸಿದರೆ?' ಎಂದರು ರಸ್ತೆ ಇಲಾಖೆಯ ಪ್ರೂಡೆನ್ಸ್.
'ಲಾರಿಯಲ್ಲಿ ಅಡ್ಡ ಮಲಗಿಸಿದರೆ?' ಇನ್ನೊಬ್ಬರು.
'ಆ ಸೇತುವೆ ನನಗೆ ಗೊತ್ತು' ಎಂದರು ಪೀಕ್,
'ಎಂಬತ್ತೇಳರಲ್ಲಿ ಡಬಲ್ ಡೆಕರಿನ ನೆತ್ತಿಯನ್ನೇ
ಅದಕ್ಕೆ ಕೊಟ್ಟು ಬಂದಿದ್ದೇನೆ.'
ನಕ್ಕರು ಎಲ್ಲರೂ. ಲಿಬರ್ಡ್ ನಗಲಿಲ್ಲ.
ಬಿಸ್ಕತ್ತಿನ ಕಾಗದ ಮಡಚುತ್ತ
ಅಪ್ಪಟ ಬಕಧ್ಯಾನ.

ನನಗೋ ಒಳಗೊಳಗೇ ಕೊಟ್ಟೂರಿನ ಬೀದಿ:
ನಂದಿಕೋಲಿನ ಮುಂದೆ ಕವೆಗೋಲು ಹಿಡಿದು
ಕರೆಂಟಿನ ತಂತಿ ಎತ್ತುತ್ತ ನಡೆಯುತ್ತಿದ್ದ ಲೈನ್‌ಮನ್.
ಇಲ್ಲಿ ಎತ್ತಬೇಕಾದ್ದು ಕಬ್ಬಿಣ, ಇಟ್ಟಿಗೆ, ಮೇಲೊಂದು ರೈಲು.
ನಡಾವಳಿಯಲ್ಲಿ ನೆನಪಿಗೆ ಕಾಲಂ ಇಲ್ಲ.

ಆಗ ಲಿಬರ್ಡ್ ಮೊಣಕೈ ಮೇಜಿಗೂರಿದರು.
ಅಂಗೈ ಕೊಕ್ಕಾಯಿತು.
ನಿಧಾನ, ಬಹಳ ನಿಧಾನ
ಮುಂಗೈ ಬಾಗಿ, ಚಹಾ ಬಟ್ಟಲಿನ ಅಂಚಿನವರೆಗೆ ಇಳಿದು
ತಟಕ್ಕನೆ
ಒಂದು ಬಿಸ್ಕತ್ತು ಎತ್ತಿತು.

'ಸೇತುವೆಯಡಿ ಅದು ಮೀನು ಹಿಡಿಯಲಿ.
ಮೀನಾಗಲು ಮಕ್ಕಳಿದ್ದಾರಲ್ಲ.
ಕತ್ತಿಗೊಂದು ಕೀಲು ಸಿಕ್ಕರೆ ಸಾಕು.'

'ಬಸ್ಸಿನ ಬಾಗಿಲಿನದು ಆದೀತೆ?' ಎಂದರು ಪೀಕ್.
'ಶೆಡ್ಡಿನಲ್ಲಿ ನಾಲ್ಕು ಬಿದ್ದಿವೆ.'

ಬರೆದೆ: ಬಕ ಬಾಗತಕ್ಕದ್ದು.
ಅನುಮೋದನೆ, ಸರ್ವಾನುಮತ. ಪ್ರೂಡೆನ್ಸ್ ಕೂಡ ಕೈಯೆತ್ತಿದರು,
ಕೀಲಿಗೆ ಎಣ್ಣೆ ಯಾರು ಹಾಕುತ್ತಾರೆಂದು ಕೇಳಿಯೇ.

ಬಾಬತ್ತು ಐದು: ಮಳೆ ಬಂದರೆ.
ಹೊತ್ತಾಯಿತು, ಮುಂದಿನ ಸಭೆಗೆ.

ಮನೆಗೆ ಮಿಲ್ ಸ್ಟ್ರೀಟಿನಲ್ಲೇ ನಡೆದೆ.
ಹಳದಿ ಫಲಕ, ಕಪ್ಪು ಅಂಕಿ, ಸೋರುವ ಇಟ್ಟಿಗೆ.
ಮೇಲೆ ಷೆಫೀಲ್ಡಿನ ರೈಲು ಗುಡುಗಿ ಹೋಯಿತು.
ಐದಡಿ ಒಂದಿಂಚಿನವಳು ನಾನು,
ಯಾಕೋ
ತಲೆ ಬಗ್ಗಿಸಿ ದಾಟಿದೆ.