ಬಿಡುವ ಕ್ರಮ

ಬೋಳಾರದ ಬಾಡಿಗೆ ಕೋಣೆಯಲ್ಲಿ ನಾಲ್ಕು ದಿನದಿಂದ
ಒಂದೇ ಸ್ಟ್ರಕ್ಟ್ ಬರೆದು ಅಳಿಸುತ್ತಿದ್ದೇನೆ.
ತನ್ನ ಚೊಚ್ಚಲು, ತನ್ನ ಬೆನ್ನಿಗೆ ಬಿದ್ದದ್ದು:
ಎರಡೇ ಪಾಯಿಂಟರು ಸಾಕು,
ಎಷ್ಟು ಕವಲಾದರೂ ಹಿಡಿಸುತ್ತದೆ.
ಹೆತ್ತವರ ಕಡೆಗೂ ಒಂದು ಬೇಕೆ?
ಗಂಟುಗಂಟಿಗೂ ಎಂಟು ಬೈಟು ದಂಡ.

ಕೆಳಗಿನ ಮನೆಯ ಗುಲಾಬಿ ಸಾಲ್ಯಾನ್
ಬಂಗುಡೆ ಮಾರಿ ಬಂದು, ಬುಟ್ಟಿ ಕವುಚಿಟ್ಟು,
ನನ್ನ ಕಾಗದದ ಗೀಟು ನೋಡಿದರು.
"ಇದು ಮರವಾ? ಬೇರು ಮೇಲೆ ಎಂತಕ್ಕೆ?"
ವಂಶದ ಪಟ್ಟಿಯ ಹಾಗೆ, ಅಂದೆ.
"ಹಾಗಾದರೆ ಬರಿ ಎಲ್ಲಿ ಬರೆದದ್ದು?
ತಾಯಿ ಯಾರಂತ ಗೊತ್ತಿಲ್ಲದವನನ್ನು
ಯಾವ ಮನೆಗೆ ಸೇರಿಸುವುದು ಮಾರಾಯ್ತಿ?"

ಎಂಟು ಬೈಟು ಕೊಟ್ಟೆ.
ಹೆಸರು ಅಪ್ಪೆ ಎಂದಿಟ್ಟೆ. ತುಳುವಿನಲ್ಲಿ ತಾಯಿ;
ಘಟ್ಟದ ಮೇಲಿನವರು ಅಪ್ಪ ಎಂದು ಓದಿಕೊಂಡರೂ
ಕಂಪೈಲ್ ಆಗುತ್ತದೆ.

ಉಳಿದದ್ದು ಬಿಡುವ ಕ್ರಮ.
ನಿನ್ನೆ ಬುಡವನ್ನೇ ಮೊದಲು ಬಿಟ್ಟುಬಿಟ್ಟಿದ್ದೆ:
ಮುನ್ನೂರ ಹನ್ನೆರಡು ಮಕ್ಕಳು ಮೆಮೊರಿಯಲ್ಲೆಲ್ಲೋ,
ಜಾಗ ಹಿಡಿದುಕೊಂಡು, ಕರೆಯುವವರಿಲ್ಲದೆ.
ಎಲೆಯಿಂದ ಬರಬೇಕು.
ಬೆನ್ನಿಗೆ ಬಿದ್ದದ್ದರ ವಿಳಾಸ ಮೊದಲು ತೆಗೆದಿಟ್ಟುಕೊಂಡು
ಒಂದನ್ನು ಬಿಡು, ಇನ್ನೊಂದನ್ನು ಬಿಡು,
ಕೊನೆಗೆ ಹಡೆದವಳನ್ನು.

ಇಷ್ಟನ್ನು ಗುಲಾಬಕ್ಕನಿಗೆ ವಿವರಿಸಲಿಲ್ಲ.
ಅಳಿವೆಬಾಗಿಲಲ್ಲಿ ದೋಣಿ ಮಗುಚಿದ ವರ್ಷ
ಅವರ ಮನೆಯಲ್ಲಿ ನಡೆದದ್ದು ಇದೇ ಕ್ರಮ,
ಎರಡು ಎಲೆ, ಒಂದೇ ಬೆಳಗ್ಗೆ.
ಬುಡ ಇನ್ನೂ ಬಂದರಿಗೆ ಹೋಗಿಬರುತ್ತದೆ,
ಬೆಳಗಿನ ಮೂರಕ್ಕೆ.

ಸೋರಿಕೆ ಸೊನ್ನೆ, ಎಂದಿತು ಪರದೆ.
ಆ ಫಂಕ್ಷನ್ನಿನ ತಲೆಯ ಮೇಲೆ
ಒಂದು ಸಾಲು ಟಿಪ್ಪಣಿ ಬರೆಯಲು ಹೋಗಿ
ಬರೆಯದೆ ಉಳಿಸಿದೆ.
ಕೆಳಗಿನಿಂದ ಕೂಗಿದರು,
"ಮೀನು ಹುರಿದಾಯ್ತು, ಬರ್ತೀಯಾ ಇಲ್ವಾ?"