ಗುರುವಾರ ಬೇಡ

ನಮ್ಮ ದವಾಖಾನೆಗೆ ಒಂದೇ ಬಾಗಿಲು.
ಕೆಮ್ಮು, ನರೂಲಿ, ಸಕ್ಕರೆ, ಮುಪ್ಪು
ಎಲ್ಲ ಕಾಲೊರೆಸಿಕೊಂಡು ಅದರಿಂದಲೇ ಒಳಗೆ.
ಇದೂ ಹಾಗೇ ಬಂತು, ಸೋಮವಾರ,
ಹುಡುಗನೊಬ್ಬನ ಕಿವಿನೋವಿಗೂ
ಲಾರಿಯವನ ಸೊಂಟನೋವಿಗೂ ನಡುವೆ.

ಅವಳನ್ನು ಬ್ಲಾನಿಡ್ ಎನ್ನುತ್ತೇನೆ.
ಅದು ಅವಳ ಹೆಸರಲ್ಲ.
ಲೀಟ್ರಿಮ್‌ನ ಈ ಮೂಲೆಯಲ್ಲಿ
ಹೆಸರು ಹೇಳಿದರೆ ಹೊಲ ತಿಳಿಯುತ್ತದೆ,
ಹೊಲ ತಿಳಿದರೆ ಬೇಲಿಯಾಚೆಯವರೆಲ್ಲ.
ಮಡಕೆಯ ಬಾಯಿಗಾದರೆ ಮುಚ್ಚಳವಿದೆ.

ಬೆರಳಿಗೆ ಅಯೋಡಿನ್ನಿನ ಕಂದು.
ರಾತ್ರಿ ಹದಿನಾಲ್ಕು ಕುರಿ ಈದವಂತೆ.
ನನ್ನ ಗೋಡೆಯ ಪೋಸ್ಟರ್ ಹೇಳುತ್ತದೆ
ಬಸುರಿಯರು ಈಯುವ ಕುರಿಯ ಬಳಿ ಹೋಗಬಾರದೆಂದು.
ಅವಳು ಅದನ್ನೇ ನೋಡುತ್ತ ಕೂತಳು.
ಆಮೇಲೆ, "ಹೋಗದಿದ್ದರೆ
ಯಾಕೆ ಅಂತ ಕೇಳುತ್ತಾರಲ್ಲ" ಎಂದಳು.

ಕಾರಣ ನಾನು ಕೇಳಲಿಲ್ಲ.
ಕಾನೂನೂ ಕೇಳುವುದಿಲ್ಲ, ಈಗ.
ಆದರೂ ಕೊಟ್ಟಳು ಒಂದೊಂದೇ,
ಒಗೆಯುವ ಮುನ್ನ ಜೇಬು ಖಾಲಿ ಮಾಡುವವಳ ಹಾಗೆ:
ಮೂರು ಮಕ್ಕಳು, ಬ್ಯಾಂಕು,
ಕೊನೆಯ ಹೆರಿಗೆಯ ನಂತರದ ಆ ಚಳಿಗಾಲ
ಬಾವಿಯ ಹತ್ತಿರ ಹೋಗಲು ತನಗೇ ತನ್ನ ಭಯ.
ಏಳು ವಾರ, ಎರಡು ದಿನ.

"ಮೂರು ದಿನ ಕಾಯಬೇಕು" ಎಂದೆ,
ಕಾನೂನಿನ ಪರವಾಗಿ ತುಸು ನಾಚಿ.
"ಯೋಚಿಸಲಿಕ್ಕೆ?"
"ಹೌದು."
"ಕುರಿ ಈಯುವುದನ್ನು ಕಾಯುತ್ತ
ಇಡೀ ತಿಂಗಳು ಕೂತಿದ್ದೇನೆ ಡಾಕ್ಟರ್.
ಬೇರೇನು ಮಾಡಿದೆ ಅಂದುಕೊಂಡಿರಿ?"

ಗುರುವಾರ ಎಂದು ಬರೆದುಕೊಟ್ಟೆ.

ಕಟ್ಟೆಯ ಹಿಂದೆ ಅಟ್ರಾಕ್ಟಾ. ಮೂವತ್ತೊಂದು ವರ್ಷದಿಂದ.
ಪರದೆಯ ಮೂಲೆಗೆ ಸಂತರ ಚಿತ್ರ ಅಂಟಿಸಿಕೊಂಡವಳು.
ಈ ಕೆಲಸ ಶುರುಮಾಡುತ್ತೇನೆಂದು ಹೇಳಿದ ದಿನ
ತನ್ನ ಚಹಾ ಕಪ್ಪು ತೊಳೆದಳು, ಒರೆಸಿದಳು, ತೂಗುಹಾಕಿದಳು.
"ಡಾಕ್ಟರು ನೀವು" ಎಂದಳು.
ಅಷ್ಟೇ. ಮತ್ತೆ ತುಟಿ ಪಿಟಕ್ಕೆನ್ನಲಿಲ್ಲ.

ಇವತ್ತು ಚೀಟಿ ನೋಡಿ,
ಕಣ್ಣೆತ್ತದೆ: "ಗುರುವಾರ ಬೇಡ."

ಬಂತು ಅಂದುಕೊಂಡೆ.
ಇಷ್ಟು ವರ್ಷ ಕಟ್ಟಿಟ್ಟ ಉಪದೇಶ
ಇನ್ನೇನು ಕೋಡಿ ಬೀಳುತ್ತದೆ.

"ಗುರುವಾರ ಅವಳ ಅತ್ತೆಯ ರಕ್ತಪರೀಕ್ಷೆ.
ಬೆರಳು ಚುಚ್ಚಿಸಿಕೊಂಡು ಮನೆಗೆ ಹೋಗುವವಳಲ್ಲ ಅವಳು.
ಬಸ್ಸು ಬರುವ ತನಕ ಅಲ್ಲೇ ಕೂತು
ಬಂದವರ ತಲೆ ಎಣಿಸುತ್ತಾಳೆ."
"ಹಾಗಾದರೆ ಶುಕ್ರವಾರ?"
"ದನದ ಸಂತೆ ಗುರುವಾರ. ಗಂಡ ಊರಲ್ಲಿರದ್ದು
ಅದೊಂದೇ ದಿನ."

ಗಂಡನ ವಿಷಯ ನಾನು ಕೇಳಿರಲಿಲ್ಲ.
ಅವಳೂ ಕೇಳಿರಲಾರಳು.

ಫೋನೆತ್ತಿದಳು.
"ಮಿಸೆಸ್ ಫೀಹಿಲಿ, ಬುಧವಾರವೇ ಬಂದುಬಿಡಿ.
ಗುರುವಾರ ಯಂತ್ರ ರಿಪೇರಿಗೆ ಹೋಗುತ್ತದೆ."
ಅವಳ ಮೊಣಕೈಯ ಪಕ್ಕದಲ್ಲಿ ಆ ಯಂತ್ರ
ಹಸಿರು ದೀಪ ಹೊತ್ತಿಸಿಕೊಂಡು ಗಟ್ಟಿಮುಟ್ಟಾಗಿತ್ತು.
ತನ್ನ ವಯಸ್ಸನ್ನೂ ಒಂದು ದಿನ ಕಡಿಮೆ ಹೇಳದ ಹೆಂಗಸು!

ಗುರುವಾರ ಕಾಯುವ ಕೋಣೆ ಖಾಲಿ.
ಮೊದಲ ಮಾತ್ರೆ ನನ್ನೆದುರೇ ನುಂಗಿದಳು ಬ್ಲಾನಿಡ್.
ಗ್ಲಾಸನ್ನು ತಾನೇ ತೊಳೆದಿಟ್ಟಳು.
ಉಳಿದ ನಾಲ್ಕು ಲಕೋಟೆಯಲ್ಲಿ:
ನಾಳೆ, ಮನೆಯಲ್ಲಿ, ಕೆನ್ನೆಗೂ ಒಸಡಿಗೂ ನಡುವೆ,
ಅರ್ಧ ಗಂಟೆ ಮಾತಾಡದೆ.
"ಅದು ರೂಢಿಯಿದೆ" ಎಂದಳು.
ನೋವು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ,
ಎರಡು ಗಂಟೆ, ಗಂಟೆಗೆರಡು ಪ್ಯಾಡ್ ತೊಯ್ದರೆ
ಯಾವ ನಂಬರಿಗೆ ಫೋನು, ಎಷ್ಟು ಹೊತ್ತಾದರೂ.
ಮೇವಿನ ಬಿಲ್ಲಿನ ಹಿಂದೆ ಗೀಚಿಕೊಂಡಳು.

"ಅಷ್ಟೇನಾ?"
"ಅಷ್ಟೇ."
ಈ ಒಂದು ಮಾತಿಗಾಗಿ ನಮ್ಮಮ್ಮಂದಿರ ಕಾಲದಲ್ಲಿ
ಸಮುದ್ರ ದಾಟಬೇಕಿತ್ತು,
ಅಂಗಡಿಗೆ ಹೋಗುತ್ತೇನೆಂದು ಸುಳ್ಳು ಹೇಳಿ.

ಎರಡು ವಾರಕ್ಕೆ ಫೋನು ಬಂತು.
ಹಿಂದೆ ಕುರಿಗಳ ಗದ್ದಲ, ಟ್ರ್ಯಾಕ್ಟರು, ಯಾರೋ ಅಳುವ ಮಗು.
"ಒಂದೇ ಗೆರೆ" ಎಂದಳು. ಇಟ್ಟಳು.

ಇನ್ನು ಅಟ್ರಾಕ್ಟಾ.
ಅವಳು ಪ್ರತಿ ಶನಿವಾರ ಸಂಜೆ
ಪಾಪನಿವೇದನೆಗೆ ಹೋಗುತ್ತಾಳೆ. ಆ ಶನಿವಾರವೂ ಹೋದಳು.
ಯಂತ್ರದ ಮಾತು ಅಲ್ಲಿ ಎತ್ತಿದಳೋ,
ಎತ್ತದೆ ಬಂದಳೋ,
ಕೇಳುವ ಧೈರ್ಯ ನನಗಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಬಂದು
ಅದರ ಧೂಳು ಒರೆಸುತ್ತಿದ್ದಳು.
ಒರೆಸಿದ್ದನ್ನೇ ಇನ್ನೊಮ್ಮೆ.