ನಾಕು ಫೂಟು ಖಾಲಿ ಬೆಳಕು

ಹತ್ತೊಂಬತ್ತು ವರ್ಷ, ಇನ್ನೂರ ಆರು ಪ್ರಯೋಗ.
ಸೇಡಂ, ಆಳಂದ, ಶಹಾಪುರದ ಸಾಲಿ ಅಂಗಳ,
ವಾಡಿ ಜಂಕ್ಷನ್ನಿನ ರೈಲ್ವೆ ಹಾಲು,
ಎಲ್ಲಿ ಹೋದರೂ ನಮ್ಮ ಸಾಮಾನು ಇಷ್ಟೇ:
ಒಂದು ಮೊರ, ಒಂದು ಸ್ಟೂಲು,
ಎರಡು ಲೈಟು, ಒಂದು ಡಿಮ್ಮರು,
ಮತ್ತ ಜಗದೇವಿ.

ಬ್ಯಾಳಿ ಮಿಲ್ಲಿನ ಹೆಣ್ಣಾಳಿನ ಕತಿ.
ಆಕಿ ಒಬ್ಬಾಕಿನೇ ಹನ್ನೊಂದು ಮಂದಿ.
ಮೊರ ಎದಿಗೆ ಒತ್ತಿದರ ಕೂಸು,
ಮೂಗಿನ ತನಕ ಇಳಿಸಿದರ ಅತ್ತಿ,
ಬೆರಳಿಂದ ಬಡದರ ರೈಲು.
ಮುಂದಿನ ಸಾಲಿನ ಹುಡುಗರು ಖರೇನೇ
ಹಳಿ ಬಿಟ್ಟು ಹಿಂದ ಸರೀತಿದ್ದರು.
ಚಿಂಚೋಳ್ಯಾಗ ಒಮ್ಮೆ ಕರೆಂಟು ಹೋಗಿ
ಟ್ರ್ಯಾಕ್ಟರಿನ ದೀಪ ತಿರುಗಿಸಿ ನಿಲ್ಲಿಸಿದೆ.
ಡೀಸೆಲ್ ವಾಸನಿಗೆ ಮಂದಿ
ಮಿಲ್ಲಿನ ವಾಸನಿ ಅಂದರು.

ಗಂಡ ಮಾತ್ರ ಆಕಿ ಆಗಲಿಲ್ಲ,
ಮಿಲ್ಲಿನ ಪಟ್ಟಾಕ್ಕ ಸಿಕ್ಕು ಹೋದಾಂವ.
ಅವನ ಸಲುವಾಗಿ ಎಡಕ್ಕ, ಗ್ವಾಡಿ ಹತ್ತರ
ನಾಕು ಫೂಟು ಬೆಳಕು ಬಿಡತಿದ್ದೆ ನಾನು.
ಖಾಲಿ ಬೆಳಕು.
ಅದಕ್ಕೇ ಬೈತಿದ್ದಳು, ಅದಕ್ಕೇ ರೊಟ್ಟಿ ನೀಡತಿದ್ದಳು,
ಕಡೀಕ ಅದಕ್ಕೇ ಕೇಳತಿದ್ದಳು:
“ಹಾಜರಿ ಪುಸ್ತಕದಾಗ ನಿನ್ನ ಹೆಸರು ಇನ್ನೂ ಅದ.
ಪಗಾರ ಯಾರು ಒಯ್ಯಬೇಕೋ?”
ಒಂದು ಉಸಿರು, ಎರಡು, ಮೂರು.
ಮೂರಕ್ಕ ನಾ ಬೆಳಕು ಆರಸಬೇಕು.
ಒಂದೊಂದು ದಿನ ಐದು ಎಣಿಸೀನಿ,
ಇನ್ನೊಂದೀಟು ನೋಡಲಿ ಅಂತ.

ಈಗ ಸಿನಿಮಾ.
ಪುಣೇದಾಗ ಕಲತು ಬಂದ ಮಾಲಿಪಾಟೀಲರ ಅಭಿನಂದನ
ಹುಮನಾಬಾದ ರಸ್ತೆಯ ಮುಚ್ಚಿದ ಮಿಲ್ಲು ಬಾಡಿಗಿ ಹಿಡದ.
ಖರೇ ಯಂತ್ರ, ಖರೇ ಧೂಳು,
ತೊಗರಿ ಹೊಟ್ಟಿನ ಎಂಟು ಚೀಲ,
ಖರೇ ಕೂಸು. ಅದು ಜಗದೇವಿನ್ನ ನೋಡಿ
ಚಿಟ್ಟನೆ ಚೀರಿತು.
ಅತ್ತಿ ಆಗಾಕ ರಾಯಚೂರಿಂದ ಒಬ್ಬಾಕಿ ಬಂದಿದ್ದಳು,
ಭಾಳ ಛಲೋ ಹೆಣ್ಣಮಗಳು, ಉಣ್ಣೋ ಹೊತ್ತಿಗೆ ಕೇಳಿದಳು,
“ನಿಮ್ಮ ಅತ್ತಿ ಹೆಂಗ ಕೆಮ್ಮತಿದ್ದಳು, ಜರಾ ತೋರಸ್ರಿ.”
ಜಗದೇವಿ ಮೊರ ಹುಡಕಿದಳು.
ಮೊರ ಪೆಟ್ಟಿಗ್ಯಾಗಿತ್ತು, ಬೀಗದಾಗ.
“ಕಂಟಿನ್ಯೂಟಿ ಅದ ಅಕ್ಕೋರೆ, ಮುಟ್ಟಬ್ಯಾಡ್ರಿ.”

ಮೂರನೇ ದಿನ ಗಂಡನ್ನ ತಂದರು.
ಮೀಸಿ, ಅಂಗಿ, ಎತ್ತರ, ಎಲ್ಲಾ ಬರೋಬ್ಬರಿ.
ನನ್ನ ನಾಕು ಫೂಟಿನ್ಯಾಗ ಬಂದು ನಿಂತ.
ಆಕಿ ಬಾಯಿ ತೆರದಳು, ಮಾತು ಬರಲಿಲ್ಲ.
ಒಂದು ಟೇಕು, ನಾಕು, ಒಂಬತ್ತು.
“ಇಂವ ನಡಬರಕ ನಿಂತಾನ್ರೀ” ಅಂದಳು,
“ಹಿಂದಿನಾಂವ ಕಾಣವಲ್ಲ.”

ಹುಡುಗ ತಲಿ ಕೆರಕೊಂಡ, ಎರಡು ಚಾ ಕುಡದ,
ಗಂಡನ ಪಗಾರ ಕೊಟ್ಟು ಕಳಿಸಿದ.
“ಮೈನುದ್ದೀನ ಮಾಮಾ, ಇತ್ತ ಬರ್ರಿ.
ಕ್ಯಾಮೆರಾದ ಎಡಕ್ಕ ಆಕಿ ಕಣ್ಣಿಗೆ ಒಂದು ಜಾಗ ಬೇಕು.
ಸುಮ್ಮ ನಿಂದರ್ರಿ. ಮುಖ ಏನೂ ಮಾಡಬ್ಯಾಡ್ರಿ.”

ಅರವತ್ತು ಫೂಟಿನ ಆಚಿಂದ ಕಂಡಾಂವ ನಾನು.
ಎಡಗಣ್ಣಿನ ಕೆಳಗ ಒಂದು ಸುಟ್ಟ ಚುಕ್ಕಿ ಅದ,
ನನಗ ಗೊತ್ತಿರಲಿಲ್ಲ,
ನನ್ನ ಲೈಟಿಗೂ ಗೊತ್ತಿರಲಿಲ್ಲ.
“ಪಗಾರ ಯಾರು ಒಯ್ಯಬೇಕೋ” ಅಂದಳು, ನನ್ನ ನೋಡಿ.
ಕೈ ತಾನೇ ಎಣಿಸಿತು, ಒಂದು, ಎರಡು, ಮೂರು.
ಏನೂ ಆರಲಿಲ್ಲ.
ಆಕಿ ನೋಡಕೋತನೇ ಇದ್ದಳು. ಯಾರೂ ಕಟ್ ಅನಲಿಲ್ಲ.
ಸತ್ತಾಂವನ ಹಂಗ ನಿಂತೆ.
ಸತ್ತಾಂವ ಕಣ್ಣು ಒರಸಬಾರದಲ್ಲ.

ಕಲಬುರಗಿ ಥೇಟರಿನ್ಯಾಗ ಮೊದಲ ದಿನ
ಆಕಿ ಮುಖ ಕ್ವಾಟಿ ಬಾಗಿಲದಷ್ಟು.
ಸತ್ತ ಗಂಡನ್ನೇ ನೋಡಿದಂಗ ಅದ, ಅಂದರು ಮಂದಿ.
ನಾ ಏನೂ ಅನಲಿಲ್ಲ.
ಬಾಜೂಕ ಕುಂತು ಶೇಂಗಾ ಸುಲೀತಿದ್ದಳು ಜಗದೇವಿ.
ಕಿವಿ ಹತ್ತರ ಬಾಗಿ,
“ಆ ಹಸನ ಮಾಡೋ ಜಾಗಾದಾಗ
ಮೊರ ಜರಾ ಮ್ಯಾಲಾತು, ಅಲ್ಲ ಮೈನೂ?
ನಾಳಿ ಬರೋಬ್ಬರಿ ಮಾಡತೀನಿ” ಅಂದಳು.

ಅಂದಾಕಿ, ಸುಲದ ಶೇಂಗಾ ಕೈಯಾಗೇ ಹಿಡಕೊಂಡು
ಪರದೆ ನೋಡಿದಳು.

ನಾಳಿ ಮೂರು ಆಟ ಅವ.
ಮೂರಕ್ಕೂ ಮೊರ ಅಷ್ಟೇ ಎತ್ತರ.